ಕನ್ನಡದ ಮಕ್ಕಳ ತೊದಲುಮಾತು: ಕ್ರಮ ಮತ್ತು ಕಾರಣ

ಎರಡು ವರ್ಷದ ಮಗು ಕಾಗೆಯನ್ನು 'ತಾದೆ' ಎಂದೂ, ಗಾಡಿಯನ್ನು 'ದಾಡಿ' ಎಂದೂ, ಕೋಳಿಯನ್ನು 'ತೋಲಿ' ಎಂದೂ ಹೇಳುವುದು ಕನ್ನಡದ ಮನೆಗಳಲ್ಲಿ ದಿನವೂ ಕೇಳಿಬರುವ ಸಂಗತಿ. ಹಿರಿಯರು ಇದನ್ನು ಮುದ್ದುಮಾತೆಂದು ಸವಿಯುತ್ತಾರೆ, ಇಲ್ಲವೆ ನಾಲಿಗೆ ಹೊರಳದ ದೋಷವೆಂದು ಚಿಂತಿಸುತ್ತಾರೆ. ಎರಡೂ ನೋಟಗಳಿಗೆ ಕಾಣದೆ ಉಳಿಯುವ ಅಂಶವೊಂದಿದೆ. ಈ ಮಾತುಗಳಲ್ಲಿ ಮಗು ಬಾಯಿಗೆ ಬಂದದ್ದನ್ನು ಆಡಿಲ್ಲ. ಬಾಯಿಯ ಹಿಂಭಾಗದಲ್ಲಿ ಹುಟ್ಟುವ ಕ ಮತ್ತು ಗ ಧ್ವನಿಗಳನ್ನು ಅದು ಮುಂಭಾಗಕ್ಕೆ ತಂದು, ಹಲ್ಲಿನ ಬಳಿ ಹುಟ್ಟುವ ತ ಮತ್ತು ದ ಧ್ವನಿಗಳಾಗಿಸಿದೆ. ಹಾಗೆ ಮಾಡುವಾಗಲೂ ಅಘೋಷವಾದ, ಎಂದರೆ ಗಂಟಲ ತಂತುಗಳು ಕಂಪಿಸದ ಕಕಾರದ ಜಾಗದಲ್ಲಿ ಅಘೋಷವಾದ ತಕಾರವನ್ನೇ, ಘೋಷವಾದ ಗಕಾರದ ಜಾಗದಲ್ಲಿ ಘೋಷವಾದ ದಕಾರವನ್ನೇ ಇಟ್ಟಿದೆ. ವ್ಯಾಕರಣವನ್ನು ಓದಿದವರು ವರ್ಗೀಯ ವ್ಯಂಜನಗಳ ಪಟ್ಟಿಯಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಾಗ ಕಂಬವನ್ನು ಬಿಡದಂತೆ ನೋಡಿಕೊಳ್ಳುವ ಕೆಲಸವನ್ನೇ, ಅಕ್ಷರವನ್ನೇ ಅರಿಯದ ಮಗು ಇಲ್ಲಿ ಮಾಡಿ ಮುಗಿಸಿರುತ್ತದೆ. ತೊದಲಿಗೂ ನಿಯಮವಿದೆ, ಆ ನಿಯಮಗಳಲ್ಲಿ ಕೆಲವು ಎಲ್ಲ ಭಾಷೆಗಳ ಮಕ್ಕಳಿಗೂ ಸಮಾನ, ಕೆಲವು ಕನ್ನಡದ ರಚನೆಯಿಂದಲೇ ರೂಪುಗೊಂಡವು ಎಂಬುದನ್ನು ಈ ಭಾಷಣದಲ್ಲಿ ವಿವರಿಸಲಾಗುವುದು. ಮಾತು ತಡೆತಡೆದು ಬರುವ ಉಗ್ಗು ಬೇರೆಯೇ ವಿಷಯವಾದ್ದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಉಚ್ಚಾರಣೆಯ ಕಲಿಕೆ ಬಾಯಿಯಿಂದಲ್ಲ, ಕಿವಿಯಿಂದ ಆರಂಭವಾಗುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಶಿಶುವಿನ ಶ್ರವಣೇಂದ್ರಿಯ ಕೆಲಸ ಮಾಡುತ್ತಿರುತ್ತದೆ. ಹುಟ್ಟಿದ ಮೂರು ದಿನಗಳೊಳಗಿನ ಶಿಶುಗಳು ಬೇರೆ ಹೆಂಗಸಿನ ಧ್ವನಿಗಿಂತ ತಾಯಿಯ ಧ್ವನಿಯನ್ನು ಕೇಳಲು ಹೆಚ್ಚು ಒಲವು ತೋರುತ್ತವೆಂಬುದನ್ನು 1980ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿಕೊಟ್ಟಿತು. ಅದಕ್ಕೂ ಮೊದಲು, 1971ರಲ್ಲಿ, ಅಮೆರಿಕದ ಪೀಟರ್ ಐಮಾಸ್ ಮತ್ತು ಸಂಗಡಿಗರು ಒಂದು ತಿಂಗಳ ಹಾಗೂ ನಾಲ್ಕು ತಿಂಗಳ ಕೂಸುಗಳು ಚೀಪುವ ವೇಗವನ್ನು ಅಳೆದು, ಅವು ಬಕಾರ ಪಕಾರಗಳ ಭೇದವನ್ನು ಗುರುತಿಸಬಲ್ಲವೆಂದು ರುಜುವಾತುಪಡಿಸಿದ್ದರು: ಒಂದೇ ಧ್ವನಿಯನ್ನು ಕೇಳಿ ಕೇಳಿ ಬೇಸತ್ತು ಚೀಪುವುದನ್ನು ನಿಧಾನಿಸಿದ ಕೂಸು, ಧ್ವನಿ ಬದಲಾದೊಡನೆ ಮತ್ತೆ ಚುರುಕಾಗಿ ಚೀಪತೊಡಗುತ್ತದೆ.

ಕನ್ನಡಿಗರಿಗೆ ಹೆಚ್ಚು ಹತ್ತಿರದ ಪ್ರಯೋಗ 1984ರದು. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು ಹಿಂದಿಯ ದಂತ್ಯ ತಕಾರವನ್ನೂ ಮೂರ್ಧನ್ಯ ಟಕಾರವನ್ನೂ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದರು. ದಂತ್ಯವೆಂದರೆ ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂಬದಿಗೆ ತಾಗಿ ಹುಟ್ಟುವ ಧ್ವನಿ, ಮೂರ್ಧನ್ಯವೆಂದರೆ ಆ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಕ್ಕೆ ತಾಗಿಸಿದಾಗ ಹುಟ್ಟುವ ಧ್ವನಿ. ಇಂಗ್ಲಿಷಿನಲ್ಲಿ ಈ ಭೇದವಿಲ್ಲ, ಆ ಭಾಷೆಯ ವಯಸ್ಕರಿಗೆ ಎರಡೂ ಒಂದೇ ಎಂಬಂತೆ ಕೇಳಿಸುತ್ತವೆ. ಆದರೂ ಆರರಿಂದ ಎಂಟು ತಿಂಗಳ ಇಂಗ್ಲಿಷ್ ಶಿಶುಗಳಲ್ಲಿ ಹೆಚ್ಚಿನವು ಇವನ್ನು ಬೇರೆಬೇರೆಯೆಂದು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಹಿಂದಿ ಮನೆಗಳ ಶಿಶುಗಳಲ್ಲಿ ಅದು ಕುಗ್ಗಲಿಲ್ಲ. ಮೊದಲ ವರ್ಷದಲ್ಲಿ ಕಿವಿ ಹೊಸದನ್ನು ಗಳಿಸುವುದರ ಜೊತೆಗೆ ಮನೆಮಾತಿಗೆ ಬೇಡದ ಭೇದಗಳನ್ನು ಬಿಟ್ಟುಕೊಡುತ್ತಲೂ ಇರುತ್ತದೆ ಎಂಬುದು ಇದರ ತಾತ್ಪರ್ಯ. 'ಹತ್ತಿ' ಮತ್ತು 'ಹಟ್ಟಿ', 'ಕತ್ತು' ಮತ್ತು 'ಕಟ್ಟು' ಇವುಗಳ ವ್ಯತ್ಯಾಸದ ಮೇಲೆ ನಿಂತ ಕನ್ನಡಕ್ಕೆ ಈ ಭೇದ ಜೀವಾಳ. ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ದೊಡ್ಡವರಾದ ಮೇಲೆ ತಕಾರ, ಟಕಾರಗಳ ನಡುವೆ ತಡವರಿಸುವುದನ್ನು ಅವರ ಅನಾಸ್ಥೆಯೆಂದು ಬಗೆಯುವ ಅಜ್ಜ ಅಜ್ಜಿಯರು, ಕೂಸಿನ ಕಿವಿಗೆ ಮೊದಲ ವರ್ಷ ಕನ್ನಡ ಎಷ್ಟು ಬಿದ್ದಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಕಿವಿ ಇಷ್ಟು ಮುಂದುವರಿದಿದ್ದರೂ ಬಾಯಿ ಹಿಂದುಳಿದಿರುತ್ತದೆ, ಅದಕ್ಕೆ ಅಂಗರಚನೆಯೇ ಕಾರಣ. ನವಜಾತ ಶಿಶುವಿನ ಧ್ವನಿಪೆಟ್ಟಿಗೆ ಕೊರಳಿನಲ್ಲಿ ಬಹಳ ಮೇಲಕ್ಕಿದ್ದು, ನಾಲಿಗೆ ಬಾಯಿಯ ಕುಹರವನ್ನೆಲ್ಲ ತುಂಬಿಕೊಂಡಿರುವುದರಿಂದ, ಅದು ಅಳಬಲ್ಲುದೇ ಹೊರತು ನಾಲಿಗೆಯನ್ನು ಬೇಕಾದಲ್ಲಿಗೆ ಒಯ್ಯಲಾರದು. ಎರಡು ಮೂರು ತಿಂಗಳಲ್ಲಿ ಸ್ವರಗಳನ್ನು ಹೋಲುವ ಗುಟುರು ಧ್ವನಿಗಳು ಕೇಳಿಸುತ್ತವೆ. ಆರರಿಂದ ಹತ್ತು ತಿಂಗಳ ನಡುವೆ 'ಬಬಬ', 'ದದದ', 'ಮಮಮ' ಎಂಬ ಆವರ್ತನೆಗಳು ಮೊದಲಾಗುತ್ತವೆ. ಈ ಎರಡನೆಯ ಘಟ್ಟ ಬಹಳ ಮುಖ್ಯ, ಏಕೆಂದರೆ ಇಲ್ಲಿ ವ್ಯಂಜನ ಮತ್ತು ಸ್ವರ ಕೂಡಿ ಉಚ್ಚಾರಣೆಯ ಘಟಕವೊಂದು, ಕನ್ನಡದಲ್ಲಿ ಗುಣಿತಾಕ್ಷರವೆಂದು ಬರೆಯುವಂಥದೇ ಒಂದು ಘಟಕ, ಮೊದಲ ಬಾರಿಗೆ ಮಗುವಿನ ಹಿಡಿತಕ್ಕೆ ಬರುತ್ತದೆ. ಕಿವುಡು ಶಿಶುಗಳೂ ಗುಟುರು ಹಾಕುತ್ತವೆ, ನಗುತ್ತವೆ, ಕೂಗುತ್ತವೆ. ಆದರೆ ಈ 'ಬಬಬ' ಘಟ್ಟ ಅವುಗಳಲ್ಲಿ ಹನ್ನೊಂದು ತಿಂಗಳಿಗೂ ತಡವಾಗಿ ಬರುತ್ತದೆಂದು 1988ರಲ್ಲಿ ಕಿಂಬ್ರೋ ಆಲರ್ ಮತ್ತು ರೆಬೆಕಾ ಐಲರ್ಸ್ ತೋರಿಸಿದರು. ಹತ್ತು ತಿಂಗಳಾದರೂ 'ಬಬಬ' ಎನ್ನದ ಕೂಸಿನ ಕಿವಿಯನ್ನು ಪರೀಕ್ಷಿಸಬೇಕೆಂಬ ಸಲಹೆಗೆ ಇದೇ ಆಧಾರ.

ಮೊದಲ ಮಾತುಗಳು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮೂಡುತ್ತವೆ. ರಷ್ಯಾದಲ್ಲಿ ಹುಟ್ಟಿ, ಮಹಾಯುದ್ಧದ ಕಾಲದಲ್ಲಿ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್, 1941ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಧ್ವನಿಗಳು ಎಲ್ಲ ಮಕ್ಕಳಿಗೂ ಒಂದೇ ಕ್ರಮದಲ್ಲಿ ಒಲಿಯುತ್ತವೆ, ಬಾಯಿಯನ್ನು ಪೂರ್ತಿ ತೆರೆದಾಗ ಹುಟ್ಟುವ ಆಕಾರವೂ ತುಟಿಯನ್ನು ಪೂರ್ತಿ ಮುಚ್ಚಿದಾಗ ಹುಟ್ಟುವ ಪಕಾರ ಮಕಾರಗಳೂ ಮೊದಲು ಬರುತ್ತವೆ, ಏಕೆಂದರೆ ಇವುಗಳ ನಡುವಿನ ಅಂತರ ಅತ್ಯಂತ ದೊಡ್ಡದು ಎಂದು ವಾದಿಸಿದರು. ಕನ್ನಡದ ಅಮ್ಮ, ಅಪ್ಪ, ಪಾಪು, ಮಮ್ಮು ಮೊದಲಾದ ಮಾತುಗಳು ಈ ವಾದಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ 'ಬಬಬ' ಘಟ್ಟಕ್ಕೂ ಮಾತಿಗೂ ಸಂಬಂಧವೇ ಇಲ್ಲವೆಂಬ ಅವರ ಇನ್ನೊಂದು ಮಾತನ್ನು ಅನಂತರದ ಸಂಶೋಧನೆ ಒಪ್ಪಲಿಲ್ಲ. ತೊದಲಾಟದಲ್ಲಿ ಯಾವ ಮಗು ಯಾವ ವ್ಯಂಜನವನ್ನು ಹೆಚ್ಚು ಆಡಿರುತ್ತದೋ ಅದರ ಮೊದಲ ಮಾತುಗಳಲ್ಲೂ ಅದೇ ವ್ಯಂಜನ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಧ್ವನಿಗಳ ಅನುಕ್ರಮವೂ ಅವರು ಹೇಳಿದಷ್ಟು ಕಟ್ಟುನಿಟ್ಟಾದುದಲ್ಲ.

ಯಾವ ಧ್ವನಿ ಏಕೆ ತಡವಾಗುತ್ತದೆ ಎಂಬುದನ್ನು ಬಾಯಿಯೊಳಗಿನ ಕೆಲಸವೇ ಹೇಳುತ್ತದೆ. ಪ, ತ, ಕ ಮೊದಲಾದ ಸ್ಪರ್ಶಧ್ವನಿಗಳಲ್ಲಿ ಉಸಿರಿನ ದಾರಿಯನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆದರೆ ಸಾಕು. ನಾಲಿಗೆ ತುಸು ಹೆಚ್ಚು ಒತ್ತಿದರೂ ಕೆಡುಕಿಲ್ಲ. ಸಕಾರದಲ್ಲಿ ಹಾಗಲ್ಲ. ನಾಲಿಗೆ ಅಂಗುಳದ ಹತ್ತಿರಕ್ಕೆ ಹೋಗಬೇಕು, ಆದರೆ ತಾಗಬಾರದು. ನಡುವೆ ಸಣ್ಣ ಕಾಲುವೆಯಂಥ ಸಂದು ಉಳಿಯಬೇಕು, ಆ ಸಂದಿನಿಂದ ಉಸಿರು ಸುಯ್ಯೆಂದು ಹೊರಡಬೇಕು. ತಾಗುವುದಕ್ಕಿಂತ ತಾಗುವಷ್ಟರಲ್ಲಿ ನಿಲ್ಲಿಸುವುದು ಕಷ್ಟವಾದ್ದರಿಂದ ಮಗು ತಾಗಿಸಿಯೇ ಬಿಡುತ್ತದೆ; ಆಗ 'ಸೋಪು' 'ತೋಪು' ಆಗುತ್ತದೆ, 'ಸರ' 'ತಲ' ಆಗುತ್ತದೆ, ಕೆಲವು ಮಕ್ಕಳಲ್ಲಿ 'ಚಲ' ಆಗುತ್ತದೆ. ರಕಾರದಲ್ಲಿ ನಾಲಿಗೆಯ ತುದಿ ಸಡಿಲವಾಗಿದ್ದು ಉಸಿರಿನ ಒತ್ತಡಕ್ಕೆ ಅದುರಬೇಕು, ಇಲ್ಲವೆ ಕ್ಷಣಮಾತ್ರ ಬಡಿದು ಹಿಂದಿರುಗಬೇಕು. ಈ ಸೂಕ್ಷ್ಮ ಹೊಂದಾಣಿಕೆ ಕೂಡಿಬರುವ ತನಕ ಮಗು ಅದೇ ಜಾಗದಲ್ಲಿ ನಾಲಿಗೆಯನ್ನು ನಿಲ್ಲಿಸಿ ಉಸಿರನ್ನು ಪಕ್ಕಗಳಿಂದ ಬಿಡುತ್ತದೆ. ರೊಟ್ಟಿ 'ಲೊಟ್ಟಿ' ಆಗುವುದು, ಮರ 'ಮಲ' ಆಗುವುದು ಹೀಗೆ. ಳಕಾರದಲ್ಲಿ ನಾಲಿಗೆಯನ್ನು ಹಿಂದಕ್ಕೆ ಮಡಿಸುವ ಕೆಲಸವೂ ಪಕ್ಕಗಳನ್ನು ತೆರೆದಿಡುವ ಕೆಲಸವೂ ಒಟ್ಟಿಗೆ ಬೀಳುವುದರಿಂದ 'ಬಾಳೆ' ಬಹುಕಾಲ 'ಬಾಲೆ'ಯಾಗಿಯೇ ಉಳಿಯುತ್ತದೆ. ಹೀಗೆ ರ, ಲ, ಳ ಮೂರೂ ಒಂದು ಲಕಾರದಲ್ಲಿ ಸೇರಿಹೋಗುವುದು ಕನ್ನಡದ ತೊದಲಿನ ಅತಿ ಪರಿಚಿತ ಲಕ್ಷಣ. ಇದಕ್ಕೆ ಹೋಲಿಸಿದರೆ ಟಕಾರ ಡಕಾರಗಳು ಮೊದಮೊದಲು 'ಆತ' (ಆಟ), 'ಬತ್ತೆ' (ಬಟ್ಟೆ) ಎಂಬಲ್ಲಿ ದಂತ್ಯವಾಗಿ ಕೇಳಿಸಿದರೂ ಬೇಗ ಸರಿಯಾಗುತ್ತವೆ.

ಇದುವರೆಗೆ ಹೇಳಿದ್ದು ಬಿಡಿಧ್ವನಿಗಳ ಮಾತು. ಇದಕ್ಕಿಂತ ಸ್ವಾರಸ್ಯವಾದುದು ಪದದ ಆಕಾರಕ್ಕೆ ಸಂಬಂಧಿಸಿದ್ದು, ಏಕೆಂದರೆ ಕನ್ನಡದ ಮಗುವಿನ ದಾರಿ ಇಂಗ್ಲಿಷ್ ಮಗುವಿನ ದಾರಿಯಿಂದ ಕವಲೊಡೆಯುವುದು ಇಲ್ಲಿ. ಪದದ ಕೊನೆಯ ವ್ಯಂಜನವನ್ನು ನುಂಗಿಬಿಡುವುದು ಇಂಗ್ಲಿಷ್ ಕಲಿಯುವ ಮಕ್ಕಳ ಪ್ರಮುಖ ಲಕ್ಷಣಗಳಲ್ಲೊಂದೆಂದು ಆ ಭಾಷೆಯ ಪಠ್ಯಗಳು ಹೇಳುತ್ತವೆ. ಹೊಸಗನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತ್ಯಗಳು. ಹಳಗನ್ನಡದ ಕಣ್, ಪಾಲ್ ಮೊದಲಾದ ವ್ಯಂಜನಾಂತ್ಯ ರೂಪಗಳು ಕಣ್ಣು, ಹಾಲು ಎಂದು ಸ್ವರವನ್ನು ಪಡೆದುಕೊಂಡು ಎಷ್ಟೋ ಶತಮಾನಗಳಾದವು. ಹೀಗಾಗಿ ಕನ್ನಡದ ಮಗುವಿಗೆ ನುಂಗಲು ಕೊನೆಯ ವ್ಯಂಜನವೇ ಇರುವುದಿಲ್ಲ. ವ್ಯಂಜನ, ಸ್ವರ, ಮತ್ತೆ ವ್ಯಂಜನ, ಸ್ವರ ಎಂಬ, ಎಲ್ಲ ಮಕ್ಕಳಿಗೂ ಸುಲಭವಾದ ಓಟ ಅದರ ಭಾಷೆಯಲ್ಲಿ ಮೊದಲೇ ಸಿದ್ಧವಾಗಿದೆ. ಅದಕ್ಕೆ ಎದುರಾಗುವ ಕಷ್ಟ ಬೇರೆ: ಕನ್ನಡದ ಪದಗಳು ಉದ್ದ. ಮೂರು ನಾಲ್ಕು ಅಕ್ಷರಗಳ ಪದದಲ್ಲಿ ನಡುವಿನ ಒಂದು ಅಕ್ಷರ ಹಾರಿಹೋಗಿ 'ಅವಲಕ್ಕಿ' 'ಅಲಕ್ಕಿ'ಯಾಗುತ್ತದೆ, 'ಕನ್ನಡಕ' 'ಕನ್ನಕ'ವಾಗುತ್ತದೆ. ದೊಡ್ಡವರೇ 'ಕುದುರೆ'ಯನ್ನು 'ಕುದ್ರೆ' ಎನ್ನುವಾಗ ಮಗುವನ್ನು ದೂರುವಂತಿಲ್ಲ.

ಒತ್ತಕ್ಷರಗಳ ವಿಷಯದಲ್ಲಿ ಮಗುವಿನ ವಿವೇಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ವ್ಯಂಜನ ಇಮ್ಮಡಿಸುವ ಸಜಾತೀಯ ಒತ್ತಕ್ಷರ ಅದಕ್ಕೆ ತೊಡಕಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅತ್ತೆ ಎಂಬ ನಂಟರ ಹೆಸರುಗಳೆಲ್ಲ ಅದರಿಂದಲೇ ಕಟ್ಟಿದವು, ಅವು ಬಹುಬೇಗ ನಾಲಿಗೆಗೆ ಬರುತ್ತವೆ. ಬೇರೆಬೇರೆ ವ್ಯಂಜನಗಳು ಕೂಡುವ ವಿಜಾತೀಯ ಸಂಯುಕ್ತಾಕ್ಷರ ಮಾತ್ರ ಬಹುಕಾಲ ಕಾಡುತ್ತದೆ. ಆಗ ಮಗು ಎರಡರಲ್ಲಿ ಒಂದನ್ನು ಕೈಬಿಡುತ್ತದೆ: 'ಸ್ಕೂಲು' 'ಕೂಲು' ಆಗುತ್ತದೆ, 'ಚಂದ್ರ' 'ಚಂದ' ಆಗುತ್ತದೆ. ಪದದ ನಡುವೆ ಸ್ವರದ ಬೆನ್ನಿಗೆ ಬಂದಾಗ ಕೈಬಿಟ್ಟ ವ್ಯಂಜನದ ಜಾಗವನ್ನು ಖಾಲಿ ಬಿಡದೆ ಉಳಿದುದನ್ನೇ ಇಮ್ಮಡಿಸುತ್ತದೆ: 'ಪುಸ್ತಕ' 'ಪುತ್ತಕ' ಆಗುತ್ತದೆ. ಪದದ ತೂಕ ಉಳಿಯುತ್ತದೆ, ಕಷ್ಟ ಕಳೆಯುತ್ತದೆ. ಸಂಸ್ಕೃತದ ಪುಸ್ತಕ ಪ್ರಾಕೃತಗಳ ದಾರಿಯಲ್ಲಿ ಹಾದು ಕನ್ನಡದಲ್ಲಿ ಪೊತ್ತಗೆ, ಹೊತ್ತಗೆ ಎಂದಾದಾಗಲೂ ನಡೆದದ್ದು ಇಂಥದೇ ವ್ಯಾಪಾರ. ಬ್ರಹ್ಮ ಬೊಮ್ಮನಾದದ್ದು, ಕಾರ್ಯ ಕಜ್ಜವಾದದ್ದು ಅದೇ ಜಾತಿಯವು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ತದ್ಭವಗಳಿಗೆ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮಕ್ಕಳ ತೊದಲಿನಿಂದಲೇ ಭಾಷೆ ಬದಲಾಯಿತೆಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ಮನುಷ್ಯನ ಬಾಯಿಗೆ ಯಾವುದು ಹಗುರವೋ ಅದು ಎರಡು ವರ್ಷದ ಮಗುವಿನಲ್ಲೂ ಸಾವಿರ ವರ್ಷದ ಭಾಷೆಯಲ್ಲೂ ಒಂದೇ ಬಗೆಯಾಗಿ ಕೆಲಸ ಮಾಡುತ್ತದೆ ಎನ್ನುವಷ್ಟಕ್ಕೆ ಇದು ಸಾಕ್ಷಿ.

ಪದದೊಳಗಿನ ಧ್ವನಿಗಳು ಒಂದನ್ನೊಂದು ಸೆಳೆಯುವುದೂ ಉಂಟು. 'ಟೋಪಿ' ಎಂಬಲ್ಲಿ ಮುಂದೆ ಬರಲಿರುವ ಪಕಾರ ಹಿಂದಿನ ಟಕಾರವನ್ನು ತನ್ನಂತೆ ಮಾಡಿಕೊಂಡು 'ಪೋಪಿ'ಯಾಗುತ್ತದೆ. 'ಬೆಕ್ಕು' 'ಕೆಕ್ಕು' ಆಗುತ್ತದೆ. ಅಕ್ಷರಗಳು ಪಲ್ಲಟಗೊಂಡು 'ಅಡುಗೆ' 'ಅಗುಡೆ'ಯಾಗುತ್ತದೆ. ಇಲ್ಲೊಂದು ಒಗಟಿದೆ. ಬ್ರಿಟನ್ನಿನ ಭಾಷಾವಿಜ್ಞಾನಿ ನೀಲ್ ಸ್ಮಿತ್ ತಮ್ಮ ಮಗ ಅಮಲ್‌ನ ಮಾತನ್ನು ಬರೆದಿಟ್ಟು 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಹುಡುಗ 'ಪಡಲ್' ಎನ್ನಬೇಕಾದಲ್ಲಿ 'ಪಗಲ್' ಎನ್ನುತ್ತಿದ್ದುದನ್ನೂ, 'ಪಜಲ್' ಎನ್ನಬೇಕಾದಲ್ಲಿ ಸರಾಗವಾಗಿ 'ಪಡಲ್' ಎನ್ನುತ್ತಿದ್ದುದನ್ನೂ ದಾಖಲಿಸಿದರು. ನಾಲಿಗೆ ಹೊರಳದೆ ಇರುವುದೇ ತೊದಲಿಗೆ ಕಾರಣವಾಗಿದ್ದರೆ ಬೇಡದ ಕಡೆ ಬಂದ 'ಪಡಲ್' ಬೇಕಾದ ಕಡೆ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಪ್ರತಿ ಪದಕ್ಕೂ ಮಗು ಒಂದು ನಿಯಮವನ್ನು ಅನ್ವಯಿಸುತ್ತಿದೆ ಎಂದು ಒಪ್ಪಿದರೆ ಮಾತ್ರ ಎರಡೂ ಒಟ್ಟಿಗೆ ಅರ್ಥವಾಗುತ್ತವೆ.

ತಾನು ಆಡುವುದಕ್ಕಿಂತ ಹೆಚ್ಚಿನದು ಮಗುವಿಗೆ ಗೊತ್ತಿರುತ್ತದೆ ಎಂಬುದಕ್ಕೆ 1960ರಲ್ಲಿ ಜೀನ್ ಬರ್ಕೋ ಮತ್ತು ರೋಜರ್ ಬ್ರೌನ್ ವರದಿ ಮಾಡಿದ ಪ್ರಸಂಗ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. 'ಫಿಶ್' ಎಂಬುದನ್ನು 'ಫಿಸ್' ಎನ್ನುತ್ತಿದ್ದ ಮಗುವಿಗೆ ದೊಡ್ಡವರು 'ಇದು ನಿನ್ನ ಫಿಸ್ ಅಲ್ಲವೆ' ಎಂದು ಕೇಳಿದಾಗ ಅದು ಅಲ್ಲವೆಂದಿತು, 'ಫಿಶ್' ಎಂದಾಗ ಮಾತ್ರ ಹೌದೆಂದು, ಮತ್ತೆ 'ನನ್ನ ಫಿಸ್' ಎಂದೇ ಹೇಳಿತು. ಕನ್ನಡದ ಮನೆಗಳಲ್ಲಿ ಕಾಗೆಯನ್ನು 'ತಾದೆ' ಎನ್ನುವ ಮಗುವಿಗೆ ದೊಡ್ಡವರು ಹಾಗೆಯೇ ಹೇಳಿ ತೋರಿಸಿದರೆ ಅದು ಮುನಿಸಿಕೊಳ್ಳುವುದಕ್ಕೂ ಇದೇ ಕಾರಣ. ಸರಿಯಾದ ರೂಪ ಅದರ ಮನಸ್ಸಿನಲ್ಲಿದೆ, ದೊಡ್ಡವರು ತಪ್ಪಾಡಿದ್ದು ಅದಕ್ಕೆ ಕೇಳಿಸುತ್ತದೆ. ಹೀಗಿರುವಾಗ 'ಕಾ ಅನ್ನು, ಇನ್ನೊಮ್ಮೆ ಕಾ ಅನ್ನು' ಎಂದು ನೆಂಟರ ಮುಂದೆ ನಿಲ್ಲಿಸಿ ತಿದ್ದುವುದರಿಂದ ಮಗುವಿಗೆ ಹೊಸ ತಿಳಿವಳಿಕೆಯೇನೂ ಸಿಗುವುದಿಲ್ಲ, ಸಂಕೋಚ ಮಾತ್ರ ಬೆಳೆಯುತ್ತದೆ. ಅದು 'ತಾದೆ ಬಂತು' ಎಂದಾಗ 'ಹೌದು, ಕಾಗೆ ಬಂತು, ಕಾಗೆ ಕೂತಿದೆ' ಎಂದು ಸಹಜವಾಗಿ ಮರುನುಡಿಯುವುದು ಲೇಸು. ಕೂಸಿನೊಡನೆ ತಾಯಂದಿರು ರಾಗವಾಗಿ, ನಿಧಾನವಾಗಿ, ಎಳೆದು ಮಾತಾಡುವುದನ್ನು ಕೆಲವರು ಹಾನಿಕರವೆಂದು ತಡೆಯುತ್ತಾರೆ. ಅದು ತಪ್ಪು ಕಲ್ಪನೆ, ಆ ಬಗೆಯ ಮಾತಿಗೆ ಶಿಶುಗಳು ಹೆಚ್ಚು ಕಿವಿಗೊಡುತ್ತವೆ.

ಉಚ್ಚಾರಣೆ ಸರಿಯೋ ತಪ್ಪೋ ಎಂದು ಅಳೆಯುವ ಕೋಲು ಯಾವುದು ಎಂಬ ಪ್ರಶ್ನೆಯನ್ನು ಎಚ್ಚರದಿಂದ ಕೇಳಬೇಕಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿಂದಾಗಿ ಕನ್ನಡದ ಮಕ್ಕಳಿಗೆ ಕನ್ನಡದ್ದೇ ಅಳತೆ ಬೇಕೆಂಬ ಅರಿವು ಬೇಗ ಮೂಡಿತು. ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸಿ ಉಚ್ಚಾರಣೆಯನ್ನು ಪರಿಶೀಲಿಸುವ ಕನ್ನಡ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾಯಿತು. ಇಷ್ಟಾದರೂ ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ ಪಟ್ಟಿಗಳನ್ನು ಹಿಡಿದು ಕನ್ನಡದ ಮಗುವನ್ನು ಅಳೆಯುವ ಅಭ್ಯಾಸ ಶಾಲೆಗಳಲ್ಲಿ ಇನ್ನೂ ಕಾಣುತ್ತದೆ. ಆ ಪಟ್ಟಿಗಳಲ್ಲಿ ಳಕಾರವಿಲ್ಲ, ಣಕಾರವಿಲ್ಲ, ಸಜಾತೀಯ ಒತ್ತಕ್ಷರದ ಮಾತೇ ಇಲ್ಲ. ಕನ್ನಡದೊಳಗೂ ಒಂದೇ ಕೋಲು ನಡೆಯದು. ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲು 'ಆಲು', ಹಣ್ಣು 'ಅಣ್ಣು'. ಮಹಾಪ್ರಾಣಗಳು ಬರವಣಿಗೆಯಲ್ಲಿದ್ದರೂ ಬಹುಪಾಲು ಕನ್ನಡಿಗರ ಆಡುಮಾತಿನಲ್ಲಿಲ್ಲ. ಅಂಥ ಮನೆಯ ಮಗು 'ಆಲು', 'ಬಾರತ' ಎಂದರೆ ಅದು ತಾನು ಕೇಳಿದ ಮಾತನ್ನು ಚೊಕ್ಕವಾಗಿ ಕಲಿತಿದೆ. ಗ್ರಂಥದ ಉಚ್ಚಾರಣೆಯನ್ನು ಶಾಲೆ ಆಮೇಲೆ ಕಲಿಸಬಹುದು, ಆದರೆ ಮನೆಯ ಉಚ್ಚಾರಣೆಯನ್ನು ರೋಗವೆಂದು ಕರೆಯುವ ಅಧಿಕಾರ ಯಾವ ಶಾಲೆಗೂ ಇಲ್ಲ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಆಡಿ ಹೊರಗೆ ಕನ್ನಡ ಕಲಿಯುವ ಮಕ್ಕಳ ವಿಷಯವೂ ಹೀಗೆಯೇ. ಎರಡು ಭಾಷೆಗಳಿಂದ ಉಚ್ಚಾರಣೆಯ ದೋಷ ಹುಟ್ಟುವುದಿಲ್ಲ.

ವಯಸ್ಸಿನ ಲೆಕ್ಕವನ್ನು ಸ್ಥೂಲವಾಗಿ ಮಾತ್ರ ಹೇಳಬಹುದು. ಮೂರು ವರ್ಷ ತುಂಬುವ ಹೊತ್ತಿಗೆ ಸ್ವರಗಳೂ ಹೆಚ್ಚಿನ ಸ್ಪರ್ಶ, ಅನುನಾಸಿಕ ಧ್ವನಿಗಳೂ ನೆಲೆಗೊಂಡಿರುತ್ತವೆ. ರ, ಳ, ಸ, ಶ ಇವುಗಳಿಗೂ ವಿಜಾತೀಯ ಸಂಯುಕ್ತಾಕ್ಷರಗಳಿಗೂ ಆಮೇಲಿನ ಎರಡು ಮೂರು ವರ್ಷಗಳು ಬೇಕಾಗಬಹುದು. ಬಿಡಿಧ್ವನಿಗಳನ್ನು ಎಣಿಸುವುದಕ್ಕಿಂತ ಮಾತು ಹೊರಗಿನವರಿಗೆ ಎಷ್ಟು ತಿಳಿಯುತ್ತದೆ ಎಂದು ನೋಡುವುದು ಸುಲಭ: ಎರಡು ವರ್ಷದ ಮಗುವಿನ ಮಾತು ಸುಮಾರು ಅರ್ಧದಷ್ಟು, ಮೂರು ವರ್ಷಕ್ಕೆ ಮುಕ್ಕಾಲಿನಷ್ಟು, ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ ಪೂರ್ತಿಯಾಗಿ ಅಪರಿಚಿತರಿಗೆ ತಿಳಿಯಬೇಕೆಂಬುದು ತಜ್ಞರು ಬಳಸುವ ರೂಢಿಯ ಅಂದಾಜು.

ಈ ಅಂದಾಜಿಗಿಂತ ಬಹಳ ಹಿಂದುಳಿದ ಮಗುವಿನ ನಾಲಿಗೆಗೆ ಬಜೆಯ ಬೇರನ್ನು ಜೇನಿನಲ್ಲಿ ತೇದು ತಿಕ್ಕುವ ರೂಢಿ ಇಂದಿಗೂ ಇದೆ. ಬಜೆಯಿಂದ ರಕಾರ ಬರುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗಂತೂ ಜೇನು ಅಪಾಯಕಾರಿ, ಅದರಲ್ಲಿರಬಹುದಾದ ಸೂಕ್ಷ್ಮಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನು ಉಂಟುಮಾಡಬಲ್ಲವು. ನಾಲಿಗೆಯ ಕೆಳಗಿನ ಪೊರೆಯನ್ನು ಕತ್ತರಿಸಿಬಿಟ್ಟರೆ ಮಾತು ಬರುತ್ತದೆಂಬ ನಂಬಿಕೆಯೂ ಬಹುತೇಕ ಮಕ್ಕಳ ವಿಷಯದಲ್ಲಿ ಹುಸಿ. ನೋಡಬೇಕಾದದ್ದು ಮೊದಲು ಕಿವಿ: ಹುಟ್ಟುಕಿವುಡು, ಪದೇಪದೇ ಸೋರುವ ಕಿವಿ, ಇಲ್ಲವೆ ಹೊರಗೆ ಸೋರದೆ ಕಿವಿತಮಟೆಯ ಹಿಂದೆ ನಿಂತ ದ್ರವ. ಸೀಳು ಅಂಗುಳವಿದ್ದರೆ ಉಸಿರು ಮೂಗಿನಿಂದ ಸೋರಿಹೋಗಿ ಪ, ಬ ಮೊದಲಾದ ಧ್ವನಿಗಳಿಗೆ ಬೇಕಾದ ಒತ್ತಡ ಬಾಯಿಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಶಸ್ತ್ರಚಿಕಿತ್ಸೆ ಅಗತ್ಯ. ಕಿವಿಯ ತಪಾಸಣೆ ಹುಟ್ಟಿದ ಒಂದು ತಿಂಗಳೊಳಗೆ, ದೋಷವಿದ್ದರೆ ಅದರ ನಿರ್ಣಯ ಮೂರು ತಿಂಗಳೊಳಗೆ, ಶ್ರವಣಸಾಧನ ಮತ್ತು ತರಬೇತಿಯ ಆರಂಭ ಆರು ತಿಂಗಳೊಳಗೆ ಆಗಬೇಕೆಂಬುದು ಇಂದು ಅಂತರರಾಷ್ಟ್ರೀಯವಾಗಿ ಒಪ್ಪಿದ ಗುರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸಂಚಾರಿ ವೈದ್ಯಕೀಯ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೂ ಒಂದು ಬಾರಿ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಶ್ರವಣದೋಷ, ಮಾತಿನ ಹಿಂದುಳಿಕೆ, ಸೀಳುತುಟಿ ಮತ್ತು ಸೀಳು ಅಂಗುಳ ಆ ಪರೀಕ್ಷೆಯ ವ್ಯಾಪ್ತಿಗೆ ಸೇರಿವೆ. ಹತ್ತು ತಿಂಗಳಾದರೂ 'ಬಬಬ' ಎನ್ನದ ಕೂಸು, ಒಂದೂವರೆ ವರ್ಷವಾದರೂ ಒಂದು ಮಾತನ್ನೂ ಆಡದ ಮಗು, ನಾಲ್ಕು ವರ್ಷವಾದರೂ ನೆರೆಯವರಿಗೆ ಮಾತು ತಿಳಿಯದ ಮಗು ಮನೆಯಲ್ಲಿದ್ದರೆ, ಆ ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಕೇಳಿ ತಿಳಿದು, ಅಂದು ಮಗುವನ್ನು ಕರೆದೊಯ್ದು ಕಿವಿಯ ಪರೀಕ್ಷೆಯನ್ನು ತಾವಾಗಿಯೇ ಕೇಳಿ ಮಾಡಿಸಬೇಕೆಂದು ತಂದೆತಾಯಿಯರಲ್ಲಿ ವಿನಂತಿ.